ಬಣ್ಣ ಬಿಟ್ಟ ರಂಗೂನು ಮೀನು

ನಾನು ಯಾರನ್ನೂ ಸುಮ್ಮಸುಮ್ಮನೆ ಅನುಮಾನಿಸುವವನಲ್ಲ. ಕಾರಣವಿದ್ದರೆ ಮಾತ್ರ ಅನುಮಾನಿಸುತ್ತೇನೆ. ಕಾರಣ ಯಾವಾಗಲೂ ಇರುತ್ತದೆ, ಅದಕ್ಕೆ ನಾನೇನು ಮಾಡಲಿ?

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವುದು ನನ್ನ ಕಸುಬು. ಒಂದು ದಿನ ಚಳ್ಳಕೆರೆಯ ಎಣ್ಣೆ ಗಾಣದ ಸಾಹುಕಾರರು ಕರೆಸಿ, ಒಂದು ಗಾಜಿನ ಭರಣಿಯನ್ನು ನನ್ನ ಕೈಗಿಟ್ಟರು. ಒಳಗೆ ಬೆರಳುದ್ದದ ಒಂದೇ ಒಂದು ಮೀನು. ಕೆಂಪೆಂದರೆ ಕೆಂಪು, ಮೈ ತಿರುಗಿಸಿದರೆ ನೀಲಿ ಹೊಳಪು! ರಂಗೂನಿಗೆ ವ್ಯಾಪಾರಕ್ಕೆ ಹೋಗಿದ್ದ ಅವರ ಭಾವಮೈದುನ ತಂದದ್ದಂತೆ.

“ನೋಡ್ರಿ ಬೊಮ್ಮಣ್ಣ, ಮಗಳ ಧಾರೆ ಸೀರೆ ಇದೇ ಬಣ್ಣ ಇರ್ಬೇಕು. ಈ ಜಾತಿ ಗಂಡು ಮೀನು ಬಲು ಜಗಳಗಂಟ. ಇದು ಹೆಣ್ಣು, ಅಷ್ಟು ಕಾದಾಡಲ್ಲ. ಆದ್ರೂ ಬೇರೆ ಮೀನಿನ ಜೊತೆ ಬಿಡ್ಬೇಡ್ರಿ. ಬಣ್ಣ ಕೂಡಿಬಂದ್ರೆ ಮದುವೆ ಸೀರೆಗಳ ಕೆಲಸವೆಲ್ಲ ನಿಮಗೇ” ಎಂದರು.

ಬಣ್ಣ ಒಪ್ಪಿಕೊಂಡ ದಿನವೇ ಒಂದು ಎಳೆಯನ್ನು ಅದ್ದಿ, ಮಾದರಿಯೆಂದು ಗಂಟು ಕಟ್ಟಿಡುವುದು ನಮ್ಮ ಕಸುಬಿನ ಕ್ರಮ. ಅದೆಲ್ಲ ಸಾಮಾನ್ಯರಿಗೆ! ನಾನು ಒಮ್ಮೆ ಕಂಡ ಬಣ್ಣವನ್ನು ಮರೆಯುವವನಲ್ಲ. ಅಲ್ಲದೆ ಮೀನೇ ಮನೆಯಲ್ಲಿರುವಾಗ ಎಳೆ ಯಾಕೆ ಎಂದುಕೊಂಡೆ.

ಹಿತ್ತಲಿನ ಕಲ್ಲುಬಾನಿಯಲ್ಲಿ ನನ್ನ ಹೆಂಡತಿ ತಿಪ್ಪಮ್ಮ ಸೊಳ್ಳೆಮರಿ ತಿನ್ನಲೆಂದು ಕೆರೆಯ ನಾಲ್ಕು ಸಣ್ಣ ಮೀನು ಬಿಟ್ಟಿದ್ದಳು. ಭರಣಿಯ ಮೀನು ಒಂಟಿಯಾಗಿ ಕೊರಗುತ್ತಿದೆ ಎಂದು ನನ್ನ ಕರುಳು ಚುರುಕ್ಕೆಂದಿತು. ಪಾಪ, ಪರದೇಶದ ಹೆಣ್ಣು! ಊರು ಮುಟ್ಟಿದ ಸಂಜೆಯೇ ಅದನ್ನೂ ಬಾನಿಗೆ ಬಿಟ್ಟೆ. ಅದೇ ಹೊತ್ತಿಗೆ ಪಕ್ಕದ ಮನೆಯ ಓಬಣ್ಣ ಗೋಡೆಯ ಮೇಲಿಂದ ಇಣುಕಿ, “ಏಮಿ ರಂಗುರಾ ಇದಿ! ಎಂಥಾ ಬಣ್ಣಲೇ!” ಎಂದು ಬಾಯಿ ಬಿಟ್ಟ. ಅವನೂ ಬಣ್ಣ ಹಾಕುವವನೇ. ಅವನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಕೆಂಪು ಮೀನು ಇಲ್ಲ! ಬಾನಿಯ ಮೂಲೆಯಲ್ಲಿ ಮಾಸಲು ಬಣ್ಣದ, ಮೈಮೇಲೆ ಕಪ್ಪು ಪಟ್ಟೆ ಎದ್ದ ಯಾವುದೋ ದರಿದ್ರ ಮೀನು ಮುದುಡಿಕೊಂಡಿದೆ.

“ಓಬಣ್ಣ ಕದ್ದ ಕಣೇ! ಒಳ್ಳೇದನ್ನ ಎತ್ಕೊಂಡು ಇದನ್ನ ಬಿಟ್ಟು ಹೋಗವ್ನೆ!”

“ಅದೇ ಮೀನು ಕಣ್ರೀ. ಆ ಕೆರೆ ಮೀನುಗಳು ಅಟ್ಟಾಡಿಸ್ತಾ ಅವೆ. ಹೆದರ್ಕೊಂಡೈತೆ ಅಷ್ಟೆ” ಎಂದಳು ತಿಪ್ಪಮ್ಮ.

“ಹೆದರಿದ್ರೆ ಬಣ್ಣ ಹೋಗ್ತೈತಾ? ಬಣ್ಣದ ವಿಚಾರ ನನಗೆ ಹೇಳ್ತೀಯಾ?”

ಅಷ್ಟರಲ್ಲಿ ಓಬಣ್ಣ ಮುಚ್ಚಿದ ಪಾತ್ರೆಯೊಂದನ್ನು ಹಿಡಿದು ರಾಂಪುರದ ಗಾಡಿ ಹತ್ತಿದ್ದು ಕಂಡಿತು. ಮಾಲು ಸಾಗಿಸುತ್ತಿದ್ದಾನೆ! ಓಡಿದೆ. ಊರ ಹೊರಗೆ ಗಾಡಿಗೆ ಅಡ್ಡ ನಿಂತೆ.

“ತೆಗಿಯೋ ಪಾತ್ರೆ!”

“ಬುತ್ತಿ ಕಣಲೇ.”

“ಬುತ್ತೀನೋ ಮತ್ತೊಂದೋ, ನೋಡೇಬಿಡಾನ!”

ಮುಚ್ಚಳ ಕಿತ್ತೆ. ಮೊಸರನ್ನ. ಮೇಲೆ ಕಾಣುವುದು ಮೊಸರನ್ನ, ಕೆಳಗೆ ಏನಿದೆಯೋ! ಗಾಡಿಯಲ್ಲಿದ್ದ ಆರು ಜನರ ಎದುರು ಮೊಣಕೈವರೆಗೂ ಕೈ ತೂರಿಸಿ ತಳ ತಡಕಿದೆ. ಒಂದು ಉಪ್ಪಿನಕಾಯಿ ಹೋಳು ಸಿಕ್ಕಿತು.

ಓಬಣ್ಣ ಬೈಯಲಿಲ್ಲ. ಅದು ಇನ್ನೂ ಅನುಮಾನಕ್ಕೆ ಎಡೆಮಾಡಿತು.

ಮನೆಗೆ ಬಂದು ಕೂತು ಯೋಚಿಸಿದಾಗ ತಟ್ಟನೆ ಹೊಳೆಯಿತು. ಓಬಣ್ಣನಲ್ಲ, ಸಾಹುಕಾರರೇ! ಯಾವುದೋ ಕೆರೆ ಮೀನಿಗೆ ಕಚ್ಚಾ ಬಣ್ಣ ಹಾಕಿ ನನ್ನ ಕೈಗಿಟ್ಟಿದ್ದಾರೆ. ಬಾನಿಗೆ ಬಿದ್ದ ರಾತ್ರಿಯೇ ಬಣ್ಣ ಬಿಟ್ಟಿದೆ! ಕಸುಬಿನ ಪ್ರಕಾರ ಪರೀಕ್ಷೆ ಮಾಡಿದೆ: ಮೀನನ್ನು ಹಿಡಿದು, ಒದ್ದೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಬಟ್ಟೆಗೆ ಏನೂ ಅಂಟಲಿಲ್ಲ. ಅಂದರೆ ಇದ್ದ ಬಣ್ಣವೆಲ್ಲ ಆಗಲೇ ಹೋಗಿದೆ ಎಂದು ತೀರ್ಮಾನಿಸಿದೆ.

“ಸಾಹುಕಾರರ್ನೇ ಕೇಳ್ತೀನಿ” ಎಂದು ಮರುದಿನ ಮೀನನ್ನು ಭರಣಿಗೆ ಹಾಕಿ ಗಾಡಿ ಕಟ್ಟಿಸಿದೆ. ರಾಂಪುರದಿಂದ ಹಿಂತಿರುಗಿದ್ದ ಓಬಣ್ಣ ಬಂದು ಪಕ್ಕದಲ್ಲೇ ಕೂತ. “ಊರ ಮುಂದೆ ಕಳ್ಳ ಅಂದ್ಯಲ್ಲ, ಚಳ್ಳಕೆರೇಲೇ ಇತ್ಯರ್ಥ ಆಗ್ಲಿ. ನಡಿಯಲೇ.”

ಎರಡು ದಿನದ ದಾರಿ. ಓಬಣ್ಣ ಪಕ್ಕದಲ್ಲಿದ್ದನಲ್ಲ, ಮತ್ತೆ ಅದಲು ಬದಲು ಮಾಡಿಬಿಟ್ಟರೆ? ಭರಣಿಗೆ ಕಂಬಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಉಸಿರಾಡಲಿ ಎಂದು ಮೇಲೆ ಒಂದಿಷ್ಟು ಸಂದು ಬಿಟ್ಟದ್ದು ಬಿಟ್ಟರೆ ಒಮ್ಮೆಯೂ ಬಿಚ್ಚಲಿಲ್ಲ.

ಸಾಹುಕಾರರ ಪಡಸಾಲೆಯಲ್ಲಿ ಬೀಗರೂ ಇದ್ದರು. ಒಳ್ಳೆಯದೇ ಆಯಿತು, ಸಾಕ್ಷಿಗಳು! ಗಂಟಲು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ.

“ಸ್ವಾಮಿ, ತಾವು ದಯಪಾಲಿಸಿದ ಮತ್ಸ್ಯವು ಕಚ್ಚಾ ಬಣ್ಣದ್ದೆಂದು ಈ ಸಭೆಯಲ್ಲಿ ವಿಷಾದದಿಂದ ಅರಿಕೆ ಮಾಡಿಕೊಳ್ಳುತ್ತೇನೆ!”

ಕಂಬಳಿ ಎಳೆದೆ.

ಕೆಂಪೆಂದರೆ ಕೆಂಪು. ತಿರುಗಿತು, ನೀಲಿ ಹೊಳಪು.

ಬೀಗರು ಒಮ್ಮೆ ಮೀನನ್ನು, ಒಮ್ಮೆ ನನ್ನನ್ನು ನೋಡಿದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

“ಬೇರೆ ಮೀನಿನ ಜೊತೆ ಬಿಟ್ರೇನ್ರಿ?” ಸಾಹುಕಾರರು ಕೇಳಿದರು.

“ನಾಲ್ಕೇ ನಾಲ್ಕು...”

“ಹೇಳಿರ್ಲಿಲ್ವಾ ನಾನು? ಅವು ಕಾಟ ಕೊಟ್ರೆ ಇದು ಹೆದರಿ ಬಣ್ಣ ಬಿಡ್ತೈತೆ. ಒಂಟಿ ಇಟ್ರೆ ಎರಡು ದಿನಕ್ಕೆ ತಿರುಗಾ ಬರ್ತೈತೆ. ಹೋಗ್ಲಿ, ಮಾದರಿ ಎಳೆ ಎಲ್ಲಿ? ಬೀಗರು ಅದನ್ನ ಕೇಳ್ಕೊಂಡೇ ಬಂದವ್ರೆ.”

ನಾನು ಇಲ್ಲದ ಎಳೆಗಾಗಿ ಸೊಂಟ ತಡಕಿಕೊಂಡೆ. ಆಗ ಓಬಣ್ಣ ಸೊಂಟದ ಗಂಟು ಬಿಚ್ಚಿ, ಒಂದೆಳೆ ರೇಷ್ಮೆ ತೆಗೆದು ಭರಣಿಗೆ ತಾಗಿಸಿ ಹಿಡಿದ. ಎಳೆ ಯಾವುದು, ಮೀನು ಯಾವುದು ಗೊತ್ತಾಗಲಿಲ್ಲ!

“ಆವತ್ತು ಸಂಜೆ ಇಣುಕಿದಾಗ ಕಣ್ಣಿಗೆ ಹಿಡೀತು ಸಾಹುಕಾರ್ರೇ. ಮನೆಗೆ ಹೋಗಿ ಒಂದೆಳೆ ಅದ್ದಿಟ್ಟೆ. ಇವ್ನಿಗೇ ಕೊಡಾನ ಅಂತಿದ್ದೆ. ಬೆಳಿಗ್ಗೆ ಬಂದು ಬುತ್ತಿಗೆ ಕೈ ಹಾಕ್ಬಿಟ್ಟ.”

ಮದುವೆ ಸೀರೆಗಳ ಕೆಲಸವೆಲ್ಲ ಓಬಣ್ಣನಿಗೆ ಹೋಯಿತು. ಮನೆಗೆ ಬಂದು ಹೇಳಿದರೆ ತಿಪ್ಪಮ್ಮ ಬಾನಿಯ ನಾಲ್ಕು ಮೀನಿಗೆ ಅನ್ನದ ಅಗುಳು ಹಾಕಲು ಹೋದಳು.

ಮದುವೆಗೆ ಕರೆದಿದ್ದರು, ಹೋಗದೆ ಇರಲಾಗಲಿಲ್ಲ. ಸೀರೆ ನೋಡಿದವರೆಲ್ಲ “ಯಾರು ಬಣ್ಣ ಹಾಕಿದ್ದು?” ಎಂದು ಕೇಳುವವರೇ. ಸಾಹುಕಾರರು ಓಬಣ್ಣನನ್ನು ತೋರಿಸಿದರು. “ಇವರು?” ಎಂದು ಯಾರೋ ನನ್ನ ಕಡೆ ಕೈ ಮಾಡಿದರು.

“ಇವರಾ? ಇವರು ಮೀನು ಹೊತ್ತು ತಂದೋರು” ಎಂದರು ಸಾಹುಕಾರರು.

ಊಟಕ್ಕೆ ಕೂತೆವು. ಕೊನೆಗೆ ಮೊಸರನ್ನ ಬಂತು. ನಾನಿನ್ನೂ ಕೈ ಎತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಓಬಣ್ಣ ತನ್ನ ಎಲೆಯನ್ನು ಮೆಲ್ಲಗೆ ಆಚೆಗೆ ಎಳೆದುಕೊಂಡ.