ಉಪ್ಪುನೀರಿಗೆ ಹೊಂದುವವರು

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಗುಮಾಸ್ತ ಟೆಂಪರರಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಲೋಟ ಅರ್ಧ ಖಾಲಿಯಾಗುವ ಹೊತ್ತಿಗೆ ಅವನ ಬಾಯಿಂದ ಒಂದು ಮಾತು ಜಾರಿತು.

"ಉಪ್ಪುನೀರಿನ ಮೀನುಗಳನ್ನ ಕಂಡಕಂಡ ಹಾಗೆ ಒಟ್ಟಿಗೆ ಹಾಕ್ಬಾರ್ದಂತೆ. ಒಂದಕ್ಕೊಂದು ಆಗಿಬರಲ್ವಂತೆ."

ಇಷ್ಟನ್ನು ಅವನು ಹಳೆಯ ಪತ್ರಿಕೆಯ ತುಂಡೊಂದರಲ್ಲಿ ಓದಿದ್ದ. ಮುಂದಿನದು ಹರಿದುಹೋಗಿತ್ತು. ಆದರೆ ಆ ಕಚೇರಿಯಲ್ಲಿ ಒಂದು ವಿಷಯದ ಬಗ್ಗೆ ಅರ್ಧ ಮಾತು ಗೊತ್ತಿದ್ದವನೇ ಪರಿಣತ. ಪಕ್ಕದ ಕೋಣೆಯಿಂದ ಮ್ಯಾನೇಜರರ ತಲೆ, ಬಿಲದಿಂದ ಏಡಿ ಇಣುಕುವಂತೆ, ಹೊರಗೆ ಬಂತು.

ಅದು ನೀರು ಸರಬರಾಜು ಇಲಾಖೆಯ ಶಾಖಾ ಕಚೇರಿ. ಊರಿನ ಅರ್ಧ ನಲ್ಲಿಗಳಲ್ಲಿ ಗಾಳಿ ಬರುತ್ತಿತ್ತು, ಉಳಿದರ್ಧದಲ್ಲಿ ಅದೂ ಇಲ್ಲ. ದಿನ ಬೆಳಗಾದರೆ ಜನ ಖಾಲಿ ಕೊಡ ಹಿಡಿದು ಬಂದು ಕೌಂಟರಿನ ಮುಂದೆ ಕೂಗಾಡುತ್ತಿದ್ದರು. ಜನರಿಗೆ ನೀರು ಕೊಡುವುದಕ್ಕಿಂತ ಜನರನ್ನು ತಣ್ಣಗೆ ಮಾಡುವುದು ಅಗ್ಗ ಎಂದು ಮೇಲಿನವರಿಗೆ ಹೊಳೆಯಿತು. ಮೀನು ನೋಡಿದರೆ ಮನುಷ್ಯನ ಸಿಟ್ಟು ಇಳಿಯುತ್ತದಂತೆ. ಹಾಗಾಗಿ ಪ್ರತಿ ಶಾಖೆಯಲ್ಲೂ ಒಂದು ಮೀನಿನ ತೊಟ್ಟಿ ಇಡತಕ್ಕದ್ದೆಂದು ಆದೇಶ ಬಂತು. ಪಕ್ಕದ ಶಾಖೆಯವರು ಸಿಹಿನೀರಿನ ಕೆಂಪು ಮೀನು ಬಿಟ್ಟರು. ಅವರಿಗಿಂತ ಒಂದು ಕೈ ಮೇಲಾಗಬೇಕೆಂದು ನಮ್ಮ ಮ್ಯಾನೇಜರ್ ಉಪ್ಪುನೀರಿನ ತೊಟ್ಟಿ ತರಿಸಿದರು. ಕುಡಿಯಲು ನೀರಿಲ್ಲದವರ ಮುಂದೆ ಕುಡಿಯಲಾಗದ ನೀರು ತುಂಬಿಸಿಟ್ಟು ದೀಪ ಹಾಕಿದ ಕಚೇರಿ ಅದೊಂದೇ ಇರಬೇಕು.

ಎರಡು ಕೊಡ ಹಿಡಿಯುವ ಪುಟ್ಟ ತೊಟ್ಟಿ. ತಳದಲ್ಲಿ ಮರಳು, ನಡುವೆ ಸಮುದ್ರದಿಂದ ತಂದ ತೂತುತೂತಿನ ಒಂದು ಕಲ್ಲು, ಮೂಲೆಯಲ್ಲಿ ಗುರುಗುಟ್ಟುವ ಪಂಪು. ನೀರು ಹದವಾಗಲೆಂದು ತಿಂಗಳಿಂದ ಅದನ್ನು ಹಾಗೇ ಬಿಟ್ಟಿದ್ದರು. ಆಗಾಗ ಅದರೊಳಗಿಂದ 'ಟಕ್' ಎಂದು ಶಬ್ದ ಬರುತ್ತಿತ್ತು. ಪಂಪಿನ ದೋಷ ಎಂದು ಟೈಪಿಸ್ಟ್ ಅಕ್ಕ ತೀರ್ಪು ಕೊಟ್ಟಿದ್ದಳು. ಪಾಚಿ ತಿನ್ನಲೆಂದು ಬಿಟ್ಟಿದ್ದ ಬಸವನಹುಳುಗಳ ಒಡೆದ ಚಿಪ್ಪು ಮಾತ್ರ ಉಳಿದಾಗ, ಕಸ ಗುಡಿಸುವ ಅಜ್ಜಿಯ ಪೊರಕೆ ತಾಗಿ ಒಡೆದಿದೆ ಎಂದು ಮ್ಯಾನೇಜರ್ ಬೈದಿದ್ದರು. ಪೊರಕೆ ನೀರೊಳಗೆ ಹೇಗೆ ಹೋಗುತ್ತದೆ ಸ್ವಾಮಿ ಎಂದು ಅಜ್ಜಿ ಕೇಳಿದ್ದಳು. ಅಂಥ ಪ್ರಶ್ನೆಗೆ ಉತ್ತರಿಸುವ ರೂಢಿ ಅಲ್ಲಿರಲಿಲ್ಲ.

"ನಿನಗೆ ಇಷ್ಟು ಗೊತ್ತಿದ್ದೂ ಸುಮ್ಮನೆ ಕೂತಿದ್ಯಾ?" ಎಂದರು ಮ್ಯಾನೇಜರ್. "ಇವತ್ತು ಸಂಜೆ ದೊಡ್ಡ ಸಾಹೇಬರು ಬರ್ತಿದ್ದಾರೆ. ಬಂದವರು ಬರೀ ಕಲ್ಲು ನೋಡ್ಬೇಕಾ? ಹೋಗು, ಹೊಂದಿಕೊಳ್ಳೋ ಮೀನು ನೋಡಿ ತಗೊಂಡು ಬಾ." ಆಮೇಲೆ ದನಿ ತಗ್ಗಿಸಿ, "ನಿನ್ನ ಕಾಯಂ ಫೈಲೂ ಅವರ ಮುಂದೆ ಇಡ್ತೀನಿ. ತೊಟ್ಟಿ ಕಳೆಕಟ್ಟಿದ್ರೆ ಸಹಿ ಬಿದ್ದ ಹಾಗೇ" ಎಂದರು.

ಟೆಂಪರರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ತಾತ್ಕಾಲಿಕ ಗುಮಾಸ್ತನಾಗಿ ಸೇರಿದ ಮೇಲೆ ಅದನ್ನು ಎಲ್ಲರೂ ಮರೆತರು. ಅವನು ಸೇರಿದಾಗ ತೊಟ್ಟಿಲಲ್ಲಿದ್ದ ಮಗಳು ಈಗ ಅಪ್ಪನ ಅರ್ಜಿಗಳ ಕಾಗುಣಿತ ತಿದ್ದುತ್ತಿದ್ದಳು. ಹೆಂಡತಿಯಂತೂ, "ನಮ್ಮ ಮನೇಲಿ ಕಾಯಂ ಆಗಿರೋದು ಸೋರೋ ಸೂರು ಒಂದೇ" ಎಂದು ಅಕ್ಕಪಕ್ಕದವರಿಗೆ ಹೇಳಿ ನಗಿಸುತ್ತಿದ್ದಳು.

ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಟೈಪಿಸ್ಟ್ ಅಕ್ಕ ಕೈಚೀಲ ಹಿಡಿದು ಸಿದ್ಧಳಾಗಿದ್ದಳು. ಬಣ್ಣದ ವಿಷಯ ಗಂಡಸರಿಗೆ ತಿಳಿಯದು ಎಂಬುದು ಅವಳ ವಾದ. ನೌಕರರ ಸಂಘದ ಕಾರ್ಯದರ್ಶಿ ಕ್ರಾಂತಿಯಣ್ಣನೂ ಹೊರಟ. ಮೀನಿನ ಬಗ್ಗೆ ಅವನಿಗೆ ಆಸಕ್ತಿಯಿರಲಿಲ್ಲ; ಕಚೇರಿಯ ಹೊತ್ತಿನಲ್ಲಿ ಹೊರಗೆ ಹೋಗುವ ಯಾವ ಹೋರಾಟವನ್ನೂ ಅವನು ಕೈಬಿಟ್ಟವನಲ್ಲ.

ಮೀನಿನಂಗಡಿಯವನು ದಪ್ಪ ಕನ್ನಡಕದ, ತುಟಿ ಮುಂದೆ ಚಾಚಿದ ಆಸಾಮಿ. ಮೀನು ಸಾಕುತ್ತ ಸಾಕುತ್ತ ಅವನ ಮುಖವೂ ಆ ಕಡೆ ವಾಲಿತ್ತು. ತೊಟ್ಟಿಯ ಅಳತೆ ಕೇಳಿ ತಲೆ ಆಡಿಸಿದ. ಪುಟ್ಟ ತೊಟ್ಟಿ, ಹೊಸಬರು. ಹಾಗಾದರೆ ಕಿತ್ತಳೆ ಬಣ್ಣದ ಪಟ್ಟೆಯ ಕೋಡಂಗಿ ಮೀನು ಒಂದು ಜೋಡಿ, ಮರಳಿನ ಮೇಲೆ ಕೂರುವ ಸಾಧು ಮೀನು ಒಂದು, ಅಷ್ಟೇ ಎಂದ. ಅದನ್ನೂ ಒಂದೇ ದಿನ ಹಾಕುವಂತಿಲ್ಲ. ಒಂದನ್ನು ಬಿಟ್ಟು, ವಾರಗಟ್ಟಲೆ ಕಾದು, ಇನ್ನೊಂದು. ಸಂಜೆಯೊಳಗೆ ತುಂಬಬೇಕು ಎಂದು ಟೆಂಪರರಿ ಅಂಗಲಾಚಿದಾಗ, ಅಂಗಡಿಯವನು ವೈದ್ಯರು ಹಠಮಾರಿ ರೋಗಿಯನ್ನು ನೋಡುವಂತೆ ನೋಡಿದ.

ಟೈಪಿಸ್ಟ್ ಅಕ್ಕ ಕಚೇರಿಯ ಪರದೆಗೆ ಹೊಂದುವ ಹಳದಿ ಮೀನು ಬೇಕೆಂದಳು. ಅದು ದಿನವಿಡೀ ಈಜಾಡುವ ಜಾತಿ, ಎರಡು ಕೊಡದಲ್ಲಿಟ್ಟರೆ ಕಪಾಟಿನಲ್ಲಿ ಕುದುರೆ ಕಟ್ಟಿದ ಹಾಗೆ ಎಂದು ಅಂಗಡಿಯವನು ಹೇಳಿದ. ಅಕ್ಕ ಮುಖ ಊದಿಸಿಕೊಂಡಳು. ಪಕ್ಕದ ಗಾಜಿನಲ್ಲಿದ್ದ ಉಬ್ಬು ಮೀನಿಗೂ ಅವಳಿಗೂ ಆ ಗಳಿಗೆ ವ್ಯತ್ಯಾಸ ತಿಳಿಯದಂತಾಯಿತು.

"ಆ ನೀಲಿ ಮೀನು?" ಎಂದ ಟೆಂಪರರಿ.

"ಅದಾ? ಹೆಬ್ಬೆರಳುದ್ದ ಇಲ್ಲ, ಆದ್ರೆ ಸಮುದ್ರವೇ ತನ್ನಪ್ಪಂದು ಅಂದ್ಕೊಂಡಿರತ್ತೆ. ಮೊದ್ಲು ಒಳಗೆ ಹೋದ್ರೆ ಮುಗೀತು, ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸಿ ಹೊಡೀತದೆ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಸಾಧುಗಳು ಮೊದ್ಲು, ರೌಡಿ ಕಡೇಲಿ. ಸಾಧುಗಳು ಜಾಗ ಹಿಡ್ಕೊಂಡ ಮೇಲೆ ರೌಡೀನೂ ಸ್ವಲ್ಪ ಬಾಲ ಮುದುರ್ತಾನೆ."

"ಇದು ಮೀನಿನ ಕತೆ ಅಲ್ಲ ಕಣಯ್ಯ, ಇಲಾಖೆ ಕತೆ," ಎಂದ ಕ್ರಾಂತಿಯಣ್ಣ.

"ಇನ್ನೊಂದು ಮಾತು," ಎಂದು ಅಂಗಡಿಯವನು ಬೆರಳೆತ್ತಿದ. "ನಿಮ್ಮ ಕಲ್ಲು ಸಮುದ್ರದ್ದು ಅಂದ್ರಲ್ಲ…"

ಅಷ್ಟರಲ್ಲಿ ಟೆಂಪರರಿಯ ಫೋನು ಬಡಿದುಕೊಂಡಿತು. ಮ್ಯಾನೇಜರ್. ಯಾವುದೋ ಪುಸ್ತಕದ ಹೊದಿಕೆಯಲ್ಲಿ ನೀಲಿ ಮೀನು ನೋಡಿದ್ದರಂತೆ, ಅದೇ ಬೇಕು, ಈಗಲೇ ಹೊರಡಿ. ಕಲ್ಲಿನ ಮಾತು ಕಲ್ಲಿನಲ್ಲೇ ಉಳಿಯಿತು.

ಕೋಡಂಗಿ ಜೋಡಿ, ಸಾಧು, ನೀಲಿ, ಎಲ್ಲವೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಚೇರಿಗೆ ಬಂದವು. ಚೀಲ ತೇಲಿಬಿಟ್ಟು, ತೊಟ್ಟಿಯ ನೀರನ್ನು ತೊಟ್ಟು ತೊಟ್ಟಾಗಿ ಬೆರೆಸಿ, ಸಾಧುವನ್ನು ಮೊದಲು ಬಿಡಬೇಕೆಂದು ಟೆಂಪರರಿ ವಿವರಿಸಿದ. ಮ್ಯಾನೇಜರ್ ನಕ್ಕರು.

"ನಮ್ಮ ಇಲಾಖೇಲಿ ಯಾವತ್ತಾದ್ರೂ ಸಾಧುಗಳು ಮೊದ್ಲು ಹೋಗಿದ್ದು ನೋಡಿದ್ಯಾ? ನೀಲಿ ನಾನು ಆರಿಸಿದ್ದು. ಅದೇ ಮೊದ್ಲು."

ಶ್ರೇಣಿಯ ಪ್ರಕಾರವೇ ಪ್ರವೇಶ ನಡೆಯಿತು. ನೀಲಿ ಇಳಿದದ್ದೇ ಕಲ್ಲಿನ ಸುತ್ತ ಒಂದು ಸುತ್ತು ಹೊಡೆದು, ಹೊಸ ಕುರ್ಚಿ ಸಿಕ್ಕ ಅಧಿಕಾರಿಯಂತೆ ಮೈ ಕೊಡವಿತು. ಕೋಡಂಗಿಗಳು ಇಳಿದಾಗ ಅವುಗಳನ್ನು ಮೂಲೆಗೆ ಅಟ್ಟಿತು. ಕಡೆಯಲ್ಲಿ ಬಂದ ಸಾಧು ಮರಳಿನ ಮೇಲೆ ಕೂತು, ಎಲ್ಲರಿಗೂ ಒಪ್ಪಿಗೆಯೆಂಬಂತೆ ಬಾಯಿ ತೆರೆದು ಮುಚ್ಚಿತು.

ಊಟ ಮುಗಿಸಿ ಬಂದಾಗ ಒಂದು ಕೋಡಂಗಿ ಇರಲಿಲ್ಲ.

ನೀಲಿಯದೇ ಕೆಲಸ ಎಂದು ಟೆಂಪರರಿ. ನೋಡಿದವರು ಯಾರು ಎಂದು ಮ್ಯಾನೇಜರ್. ತಾವೇ ಆರಿಸಿದ ಮೀನಿನ ಮೇಲೆ ಆರೋಪ ಬಂದರೆ ಅದು ಆಡಳಿತದ ಮೇಲೆ ಬಂದಂತೆ. ಅಲ್ಲೇ ನಿಂತ ನಿಲುವಿನಲ್ಲಿ ವಿಚಾರಣೆ ನಡೆಯಿತು. ಇರುವವರಲ್ಲಿ ಕೆಳಗಿನ ದರ್ಜೆಯವನು ಮರಳಿನ ಮೇಲೆ ಕೂತವನು. ಅವನ ಮೇಲೆಯೇ ಅನುಮಾನ ಎಂದು ಮ್ಯಾನೇಜರ್ ಗಾಜಿಗೆ ಬೆರಳು ತೋರಿಸಿದರು. ಸಾಧು ಬಾಯಿ ತೆರೆದು ಮುಚ್ಚಿತು. ಅಷ್ಟರಲ್ಲಿ ಕಲ್ಲಿನ ಹಿಂದೆ 'ಟಕ್' ಎಂದಿತು. ಎಲ್ಲರೂ ಪಂಪನ್ನು ಬೈದರು. ತಿರುಗಿ ನೋಡಿದರೆ ಎರಡನೆಯ ಕೋಡಂಗಿಯೂ ಇಲ್ಲ. ನೀಲಿ ಮಾತ್ರ ಕಲ್ಲಿನ ಪಕ್ಕ ರೆಕ್ಕೆ ಬಡಿಯುತ್ತ ನಿಂತಿತ್ತು.

ಇನ್ನು ಮುಚ್ಚಿಡುವಂತಿರಲಿಲ್ಲ. ಮ್ಯಾನೇಜರ್ ಒಲ್ಲದ ಮನಸ್ಸಿನಿಂದ ನೀಲಿಯನ್ನು ಅಮಾನತು ಮಾಡಿದರು. ಟೆಂಪರರಿ ಅಂಗಿಯ ತೋಳು ತೋಯಿಸಿಕೊಂಡು ಅದನ್ನು ಹಿಡಿದು, ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿಗೆ ವರ್ಗಾಯಿಸಿದ.

"ಅಮಾನತಾದವರಿಗೂ ಅರ್ಧ ಊಟ ಕೊಡ್ಬೇಕು, ನಿಯಮ ಇದೆ," ಎಂದು ಕ್ರಾಂತಿಯಣ್ಣ ಬಕೆಟ್ಟಿನ ಪರ ನಿಂತ.

ಕೌಂಟರಿನ ಆಚೆ ಕೊಡ ಹಿಡಿದ ಹೆಂಗಸೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು. "ಸ್ವಾಮಿ, ಆ ಬಕೆಟ್ ನೀರಾದ್ರೂ ನಮಗೆ ಕೊಡಿ" ಎಂದಳು. ಅದು ಉಪ್ಪುನೀರು ಕಣಮ್ಮ ಎಂದು ಟೈಪಿಸ್ಟ್ ಅಕ್ಕ ಹೇಳಿದಾಗ, ನಮ್ಮ ನಲ್ಲೀಲಿ ಬರೋದಕ್ಕಿಂತ ತಿಳಿಯಾಗಿದೆ ಎಂದುಬಿಟ್ಟಳು. ಸಾಲು ನಕ್ಕಿತು. ಮೀನು ನೋಡಿ ಜನ ತಣ್ಣಗಾಗುತ್ತಾರೆಂಬ ಆದೇಶ ಅಷ್ಟರಮಟ್ಟಿಗೆ ನಿಜವಾಯಿತು.

ನಗು ಮುಗಿಯುವುದರೊಳಗೆ ಮತ್ತೆ 'ಟಕ್'. ಮರಳಿನ ಮೇಲೆ ಸಾಧು ಕೂತಿದ್ದ ಜಾಗದಲ್ಲಿ ಒಂದು ಪುಟ್ಟ ಗುಳಿ ಉಳಿದಿತ್ತು. ನೀಲಿ ಬಕೆಟ್ಟಿನಲ್ಲಿ ಸುತ್ತು ಹೊಡೆಯುತ್ತಲೇ ಇತ್ತು.

"ನೋಡಿದ್ರಾ, ನಿರಪರಾಧಿ," ಎಂದು ಮ್ಯಾನೇಜರ್ ಗೆದ್ದವರಂತೆ ನೋಡಿ, ನೀಲಿಯನ್ನು ಸಕಲ ಗೌರವದೊಂದಿಗೆ ಮರುನೇಮಕ ಮಾಡಲು ಹೇಳಿದರು. ಸಾಹೇಬರ ಕಾರು ಹೊರಟಿದೆಯೆಂದು ಫೋನು ಬಂದಿತ್ತು. ಒಂದು ಮೀನಾದರೂ ಇರಲಿ. ಟೆಂಪರರಿ ನೀಲಿಯನ್ನು ಬಿಟ್ಟ. ಅದು ತನ್ನ ಗದ್ದುಗೆಯ ಕಡೆಗೆ ಗತ್ತಿನಿಂದ ಈಜಿತು.

ಕಲ್ಲಿನ ತೂತಿನಿಂದ ಎರಡು ಕಣ್ಣು ಮೇಲೆದ್ದವು, ಕಡ್ಡಿಯ ತುದಿಗೆ ಸಿಕ್ಕಿಸಿದ ಮಣಿಗಳಂತೆ. ಒಂದು ಮ್ಯಾನೇಜರರನ್ನು ನೋಡಿತು, ಇನ್ನೊಂದು ಕ್ರಾಂತಿಯಣ್ಣನನ್ನು. ಆಮೇಲೆ ಹಸಿರು, ಕೆಂಪು, ನೀಲಿ ಒಟ್ಟಿಗೆ ಬಳಿದುಕೊಂಡ ಮೈಯೊಂದು ಹೊರಗೆ ಬಂದು, ಎದೆಯ ಹತ್ತಿರ ಮಡಿಸಿಕೊಂಡಿದ್ದ ಮುಷ್ಟಿಯನ್ನು ಬೀಸಿತು. ಬೀಸಿದ್ದು ಯಾರಿಗೂ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಟಕ್. ಅಂಗಾತ ಬಿದ್ದ ನೀಲಿಯನ್ನು ಅದು ಕಾಲು ಹಿಡಿದು ಎಳೆದಂತೆ ಒಳಗೆ ಎಳೆದುಕೊಂಡಿತು.

ಟೆಂಪರರಿ ಅಂಗಡಿಗೆ ಫೋನು ಮಾಡಿದ.

"ಅದನ್ನೇ ಹೇಳೋಕೆ ಹೊರಟಿದ್ದೆ ಮಾರಾಯ್ರೆ," ಎಂದ ಅಂಗಡಿಯವನು. "ಅದು ಗುದ್ದು ಸೀಗಡಿ. ಕಲ್ಲಿನ ಜೊತೆ ಪುಕ್ಕಟೆ ಬಂದಿರತ್ತೆ. ಯಾರ ಜೊತೆಗೂ ಹೊಂದಲ್ಲ. ಅದೊಂದೇ ಇರ್ಬೇಕು, ಉಳಿದದ್ದೆಲ್ಲ ಅದರ ಊಟ."

ಬಾಗಿಲಲ್ಲಿ ಬೂಟಿನ ಸದ್ದಾಯಿತು. ದೊಡ್ಡ ಸಾಹೇಬರು ನೇರ ತೊಟ್ಟಿಯ ಮುಂದೆ ಬಂದು ನಿಂತರು. ಮ್ಯಾನೇಜರ್ ಬೆವರಿನಲ್ಲಿ ತೊಯ್ದು, ಇದೆಲ್ಲ ಇವನದೇ ಆಯ್ಕೆ ಸರ್ ಎಂದು ಟೆಂಪರರಿಯನ್ನು ಮುಂದೆ ತಳ್ಳಿದರು. ಸಾಹೇಬರು ಬಗ್ಗಿದರು. ಗುದ್ದು ಸೀಗಡಿ ಊಟ ಮುಗಿಸಿ, ಮೀಸೆ ಒರೆಸಿಕೊಳ್ಳುತ್ತ ಕಲ್ಲಿನ ಬಾಗಿಲಿಗೆ ಬಂತು. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

"ಅದ್ಭುತ," ಎಂದರು ಸಾಹೇಬರು. "ಎಲ್ಲ ಶಾಖೇಲೂ ಅದೇ ಕೆಂಪು ಮೀನು ನೋಡಿ ಸಾಕಾಗಿತ್ತು. ಇದೇನು, ಒಂದೇ ಇದೆ?"

"ಅದು ಯಾರ ಜೊತೆಗೂ ಹೊಂದಲ್ಲ ಸರ್," ಎಂದ ಟೆಂಪರರಿ.

"ಅರ್ಥ ಆಗತ್ತೆ," ಎಂದು ಸಾಹೇಬರು ನಿಟ್ಟುಸಿರಿಟ್ಟರು. "ಮೇಲಿದ್ದವರೆಲ್ಲ ಒಂಟಿಯೇ."

ಗಾಳಿ ತಿರುಗಿದ್ದನ್ನು ಕಂಡ ಮ್ಯಾನೇಜರ್ ತಾವೂ ತಿರುಗಿದರು. ಕಲ್ಲು ತರಿಸಿದ್ದು ತಾವೇ ಎಂದರು. ಇದಕ್ಕೆ ಊಟ ಹಾಕುವುದು, ನೀರು ಹದ ಮಾಡುವುದು ಈ ಹುಡುಗನೊಬ್ಬನಿಗೇ ಗೊತ್ತು, ಇಂಥವನು ಬೇರೆಲ್ಲೂ ಸಿಗುವುದಿಲ್ಲ ಎಂದು ಹೊಗಳಿ ಹೊನ್ನಶೂಲಕ್ಕೇರಿಸಿ, ಫೈಲು ಬಿಚ್ಚಿದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಹೆಂಡತಿಗೆ ಹೇಳಬೇಕಾದ ಮಾತನ್ನು ಟೆಂಪರರಿ ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದ.

ಪೆನ್ನು ಕಾಗದ ಮುಟ್ಟುವ ಮುಂಚೆ ನಿಂತಿತು.

"ಕಾಯಂ ಆದವರನ್ನ ಬೇರೆ ಶಾಖೆಗೆ ಹಾಕ್ಬೇಕು ಅಂತ ನಿಯಮ ಇದೆ, ಅಲ್ವೇನ್ರೀ?"

"ಇದೆ ಸರ್," ಎಂದರು ಮ್ಯಾನೇಜರ್.

"ಮತ್ತೆ ಇದನ್ನ ನೋಡ್ಕೊಳ್ಳೋರು ಯಾರು?"

ಸಾಹೇಬರು ನಾಲ್ಕು ಸಾಲು ಬರೆದು ಸಹಿ ಹಾಕಿ, ಟೆಂಪರರಿಯ ಬೆನ್ನು ತಟ್ಟಿ ಹೊರಟುಹೋದರು. ಕ್ರಾಂತಿಯಣ್ಣ ಓದಿದ: ತೊಟ್ಟಿಯ ಪ್ರಾಣಿಯನ್ನು ಇಂದಿನಿಂದ ಈ ಕಚೇರಿಯಲ್ಲಿ ಕಾಯಂ ಆಗಿ ಇರಿಸತಕ್ಕದ್ದು. ಅದು ಬದುಕಿರುವವರೆಗೆ ಸದರಿ ಗುಮಾಸ್ತನನ್ನು ಈಗಿರುವ ಹುದ್ದೆಯಲ್ಲೇ ಮುಂದುವರಿಸತಕ್ಕದ್ದು. ಅದು ಸತ್ತರೆ ಗುಮಾಸ್ತನನ್ನೇ ಹೊಣೆ ಮಾಡಿ ಮನೆಗೆ ಕಳಿಸತಕ್ಕದ್ದು.

"ಅರ್ಜಿ ಹಾಕಿಲ್ಲ, ಪರೀಕ್ಷೆ ಬರೆದಿಲ್ಲ. ಇದ್ದ ಸಹೋದ್ಯೋಗಿಗಳನ್ನೆಲ್ಲ ತಿಂದು ಕಾಯಂ ಆಯ್ತು," ಎಂದ ಕ್ರಾಂತಿಯಣ್ಣ. ಇದರ ವಿರುದ್ಧ ನಾಳೆಯೇ ಹೋರಾಟ ಎಂದು ಘೋಷಿಸಿ, ಹೊತ್ತಾಯಿತೆಂದು ಮನೆಗೆ ನಡೆದ. ಟೈಪಿಸ್ಟ್ ಅಕ್ಕ ಕೈಚೀಲ ಎತ್ತಿಕೊಂಡಳು. ಬಣ್ಣವೇನೋ ಪರದೆಗೆ ಹೊಂದುತ್ತದೆ ಎಂದಳು.

ಟೆಂಪರರಿ ಅಂಗಡಿಗೆ ಇನ್ನೊಮ್ಮೆ ಫೋನು ಮಾಡಿ ಅದರ ಆಯಸ್ಸು ಕೇಳಿದ. ಹೊಟ್ಟೆ ತುಂಬಿಸಿದರೆ ವರ್ಷಗಟ್ಟಲೆ ಬದುಕುತ್ತದೆ, ತುಂಬ ಗಟ್ಟಿ ಜೀವ ಎಂದು ಅಂಗಡಿಯವನು ಸಂತೋಷದಿಂದ ಹೇಳಿದ.

ಕಚೇರಿ ಖಾಲಿಯಾಯಿತು. ಹೊರಗೆ ಕೊಡಗಳ ಸಾಲು ನಾಳೆ ಬರುವುದಾಗಿ ಬೈಯುತ್ತ ಕರಗಿತು. ಅತ್ತ ದರಿ, ಇತ್ತ ಪುಲಿ, ನಡುವೆ ಎರಡು ಕೊಡ ಉಪ್ಪುನೀರು. ಟೆಂಪರರಿ ಒದ್ದೆ ತೋಳು ಹಿಂಡಿಕೊಂಡು ಬೀಗದ ಕೈ ಎತ್ತಿಕೊಂಡ. ಒಳಗಿನಿಂದ ಗಾಜಿಗೆ ಯಾರೋ ಬಡಿದರು. ಟಕ್.

ಅವನು ಹಿಂದಿರುಗಿ ಬಂದು, ಅಭ್ಯಾಸಬಲದಿಂದ ಕೈ ಕಟ್ಟಿ, ಸೊಂಟ ಬಗ್ಗಿಸಿ ನಿಂತ.

"ನಾಳೆ ಊಟಕ್ಕೆ ಏನ್ ತರ್ಲಿ, ಸರ್?"