ಅತ್ತೆಯವರು ಯಾವ ಬಗೆಯ ವಿದ್ಯಾರ್ಥಿನಿ

ಪರ್‌ರ್...

ಬೆಳಗ್ಗೆ ಏಳು ಗಂಟೆಗೆ ಅಡುಗೆಮನೆಯಿಂದ ಈ ಸದ್ದು ಬಂದಾಗ ನಾನು ಗಡ್ಡ ಹೆರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಪರ್‌ರ್. ಅದರ ಹಿಂದೆಯೇ ಒಂದು ಉದ್ದನೆಯದು. ಅಷ್ಟು ಉದ್ದ ಹರಿಯುವಂಥದ್ದು ನಮ್ಮ ಮನೆಯಲ್ಲಿ 'ಗೋಧಿಹಿಟ್ಟು' ಎಂಬ ಚೀಟಿ ಒಂದೇ. ಅರ್ಧ ಮುಖದ ನೊರೆಯೊಂದಿಗೆ ಓಡಿದೆ.

ನಮ್ಮ ಅತ್ತೆಯವರು ಮುಕ್ಕಾಲಿಯ ಮೇಲೆ ಕುಳಿತು, ಡಬ್ಬಗಳಿಗೆ ನಾನು ಎರಡು ದಿನ ಬೆನ್ನು ಬಗ್ಗಿಸಿ ಅಂಟಿಸಿದ್ದ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಟಾಣಿ ಸುಲಿಯುವವರ ಸಮಾಧಾನವಿತ್ತು.

"ಒಳಗೆ ಸಕ್ಕರೆ ಇರೋದು ನನಗೆ ಕಾಣ್ತಿದೆ ಅಳಿಯಂದ್ರೆ. ಮೇಲೆ ಏನು ಬರೆದಿದ್ರೆ ನನಗೇನು? ಡಬ್ಬ ನೋಡ್ಕೊಂಡು ಕೂರಕ್ಕಲ್ಲ ನಾನು ಓದು ಕಲೀತೀನಿ ಅಂದಿದ್ದು. ಬಸ್ಸು ಹತ್ತಕ್ಕೆ" ಎಂದರು.

ಇಲ್ಲಿಂದ ಹಿಂದಕ್ಕೆ ಹೋಗಿ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ.

ನಾನು ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಒಂದೇ ಶಾಲೆ, ಒಂದೇ ಕುರ್ಚಿ. ಈ ವರ್ಷ ನಮ್ಮನ್ನೆಲ್ಲ ಎರಡು ದಿನದ ತರಬೇತಿಗೆ ಕರೆದಿದ್ದರು. ಟೈ ಕಟ್ಟಿದ ತರಬೇತುದಾರರೊಬ್ಬರು ಬಂದು, ನಾವು ಇಷ್ಟು ದಿನ ಪಾಠ ಮಾಡಿದ್ದು ಪಾಠವೇ ಅಲ್ಲ ಎಂದು ಬಹಳ ವಿನಯದಿಂದ ತಿಳಿಸಿದರು. ಅವರ ಪ್ರಕಾರ ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮುಟ್ಟಿ. ಜೊತೆಗೆ ಒಬ್ಬ ಅಂತರ್ಮುಖಿ, ಇನ್ನೊಬ್ಬ ಬಹಿರ್ಮುಖಿ. ಮೊದಲು ವಿದ್ಯಾರ್ಥಿಯ ಬಗೆ ಕಂಡುಹಿಡಿ, ಆಮೇಲೆ ಬಾಯಿ ತೆರೆ. (ನನ್ನ ತರಗತಿಯಲ್ಲಿ ಅರವತ್ತೊಂದು ಮಕ್ಕಳು. ನಾನು ಈವರೆಗೆ ಅವರಲ್ಲಿ ಕಂಡುಹಿಡಿದಿದ್ದು ಎರಡೇ ಬಗೆ: ಎಚ್ಚರವಿರುವವರು ಮತ್ತು ಮಲಗಿರುವವರು.) ಪ್ರತಿಯೊಬ್ಬರೂ ಯಾರಾದರೂ ಒಬ್ಬ ಕಲಿಯುವವರನ್ನು ಆರಿಸಿಕೊಂಡು, ನಲವತ್ತು ದಿನ ಕಲಿಸಿ, ದಿನದಿನದ ವರದಿ ಬರೆದು ತರಬೇಕಿತ್ತು. ವರದಿ ಒಪ್ಪಿಗೆಯಾದವರು ಮುಂದೆ ತಾವೇ ತರಬೇತುದಾರರು.

ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನ ಕತ್ತಿನಲ್ಲಿ ಟೈ ಇದ್ದಂತೆಯೇ ಅನ್ನಿಸತೊಡಗಿತ್ತು.

ವಿದ್ಯಾರ್ಥಿನಿ ಮನೆಯಲ್ಲೇ ಸಿದ್ಧರಿದ್ದರು. ನಮ್ಮ ಅತ್ತೆಯವರು ಎರಡು ವರ್ಷದಿಂದ ನಮ್ಮೊಂದಿಗಿದ್ದಾರೆ. ಅರವತ್ತಾರು ವಯಸ್ಸು, ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಮನಸ್ಸು. ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ತಮ್ಮಂದಿರನ್ನು ಎತ್ತಿಕೊಂಡು ತಿರುಗುವ ಕೆಲಸ ಸಿಕ್ಕಿತ್ತಂತೆ. ಅವರಿಗೆ ಒಬ್ಬಳೇ ಅಕ್ಕ, ಊರಿನ ಇನ್ನೊಂದು ತುದಿಯ ಹಳೇ ಸೇತುವೆಯ ಹತ್ತಿರ. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾರೆ. ನಾವಿಬ್ಬರೂ ದುಡಿಯುವವರು, ನನ್ನ ಹೆಂಡತಿಗೆ ಅಂಚೆ ಕಚೇರಿಯ ಕೌಂಟರ್. ಹಾಗಾಗಿ ಅತ್ತೆಯವರನ್ನು ಕರೆದುಕೊಂಡು ಹೋಗಲು ಭಾನುವಾರವೇ ಆಗಬೇಕು. ಅದೂ ಮೂರರಲ್ಲಿ ಒಂದು ಭಾನುವಾರ ತಪ್ಪುತ್ತಿತ್ತು.

ಒಬ್ಬರೇ ಹೋಗೋಣವೆಂದರೆ ನಮ್ಮ ಬೀದಿಗೆ ಬರುವ ಹನ್ನೆರಡನೇ ನಂಬರಿನ ಬಸ್ಸು ಎರಡು ಕಡೆಗೆ ಹೋಗುತ್ತದೆ. ಒಂದು ಹಳೇ ಸೇತುವೆಗೆ, ಇನ್ನೊಂದು ಜೈಲಿಗೆ. ನಂಬರು ಒಂದೇ, ಹಣೆಯ ಮೇಲಿನ ಬೋರ್ಡು ಬೇರೆ. ಒಮ್ಮೆ ಅತ್ತೆಯವರು ಪಕ್ಕದಲ್ಲಿದ್ದವರನ್ನು ಕೇಳಿ ಹತ್ತಿ, ಜೈಲಿನ ಬಾಗಿಲಲ್ಲಿ ಇಳಿದು, ಅಲ್ಲಿನ ಕಾವಲುಗಾರನಿಂದ ಯಾರನ್ನು ನೋಡಲು ಬಂದಿರಿ ಎಂದು ಕೇಳಿಸಿಕೊಂಡು ಬಂದಿದ್ದರು. ಅಂದು ಊಟ ಮಾಡಲಿಲ್ಲ.

"ಅರವತ್ತಾರು ವರ್ಷ ಕೇಳಿ ಕೇಳಿ ಹತ್ತಿದ್ದಾಯ್ತು. ಅಕ್ಕ ಮಲಗಿದಲ್ಲಿಂದ ಬಾಗಿಲನ್ನೇ ನೋಡ್ತಿರ್ತಾಳೆ. ಅವಳ ಹತ್ರ ಇನ್ನು ಎಷ್ಟು ಭಾನುವಾರ ಇದಾವೋ" ಎಂದಿದ್ದರು.

ನಾನು ಎದೆ ತಟ್ಟಿಕೊಂಡು, ನಲವತ್ತು ದಿನದಲ್ಲಿ ಓದಿಸುತ್ತೇನೆ ಎಂದೆ. ನನ್ನ ಹೆಂಡತಿ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ನಲವತ್ತನೇ ದಿನಕ್ಕೆ ಗುರುತು ಹಾಕಿದಳು.

ಮೊದಲು ಬಗೆ ಕಂಡುಹಿಡಿಯುವ ನಲವತ್ತು ಪ್ರಶ್ನೆಗಳು. ಹೊಸ ದಾರಿ ಹಿಡಿಯುವಾಗ ನಕ್ಷೆ ನೋಡುತ್ತೀರೋ, ವಿವರಣೆ ಕೇಳುತ್ತೀರೋ, ನಡೆದು ಕಂಡುಕೊಳ್ಳುತ್ತೀರೋ ಎಂದು ಓದಿದೆ. ದಾರಿ ಗೊತ್ತಿದ್ದವರ ಹಿಂದೆ ಹೋಗುತ್ತೇನೆ ಎಂದರು. ಪಟ್ಟಿಯಲ್ಲಿ ಆ ಉತ್ತರವಿರಲಿಲ್ಲ. ಗುಂಪಿನಲ್ಲಿರಲು ಇಷ್ಟವೋ ಒಬ್ಬರೇ ಇರಲು ಇಷ್ಟವೋ ಎಂದರೆ, ಗುಂಪಲ್ಲಿ ಯಾರ್ಯಾರಿದ್ದಾರೆ ಮೊದಲು ಹೇಳಿ ಅಂದರು. ಇಪ್ಪತ್ತನೇ ಪ್ರಶ್ನೆಗೆ ಬರುವಷ್ಟರಲ್ಲಿ ಅವರು ನನ್ನನ್ನೇ ಕೇಳತೊಡಗಿದ್ದರು. ನಿಮ್ಮ ಚಿಕ್ಕಪ್ಪ ಆಸ್ತಿ ವಿಷಯದಲ್ಲಿ ಆಮೇಲೆ ಏನು ಮಾಡಿದರು ಎಂಬುದಕ್ಕೆ ನಾನು ಅರ್ಧ ಗಂಟೆ ಉತ್ತರ ಕೊಟ್ಟೆ. ಕೊನೆಗೆ ಅಂಕ ಕೂಡಿಸಿ, ನೋಡಿ ಕಲಿಯುವವರು ಎಂದು ತೀರ್ಮಾನಿಸಿದೆ.

ಹೀಗಾಗಿ ಚೀಟಿಗಳು. ಬಾಗಿಲಿಗೆ 'ಬಾಗಿಲು', ಕುರ್ಚಿಗೆ 'ಕುರ್ಚಿ', ಕನ್ನಡಿಯ ನಟ್ಟನಡುವೆ 'ಕನ್ನಡಿ'. ಇದರಿಂದ ನನ್ನ ಹೆಂಡತಿ ಒಂದು ವಾರ ಡೊಂಕು ಬೈತಲೆ ತೆಗೆದುಕೊಂಡು ಕೌಂಟರಿನಲ್ಲಿ ಕೂತಳು. ಒಂಬತ್ತನೇ ದಿನ ನಡೆದದ್ದನ್ನು ಮೊದಲೇ ಹೇಳಿದೆ.

ನಾನು ಎದೆಗುಂದಲಿಲ್ಲ. ತಪ್ಪಿದ್ದು ವಿಧಾನವಲ್ಲ, ಬಗೆ. ಇವರು ಕೇಳಿ ಕಲಿಯುವವರು ಎಂದು ತಿದ್ದಿಕೊಂಡೆ. ವರ್ಣಮಾಲೆಗೆ ರಾಗ ಹಾಕಿ, ನನ್ನ ಕಂಠದಲ್ಲೇ ಫೋನಿಗೆ ತುಂಬಿ, ಬೆಳಗಿನ ಆರರಿಂದ ಹಾಕತೊಡಗಿದೆ. ಮೂರನೇ ದಿನ ಮೇಲಿನ ಮನೆಯ ದರ್ಜಿ ಬಂದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕಳಕಳಿಯಿಂದ ವಿಚಾರಿಸಿದ. ಅತ್ತೆಯವರಂತೂ ಹಾಡನ್ನು ಪೂರ್ತಿ ಕಲಿತರು, ನನಗಿಂತ ಇಂಪಾಗಿಯೇ. ಆದರೆ ಯಾವ ಅಕ್ಷರ ತೋರಿಸಿದರೂ ಮೊದಲಿಂದ ಹಾಡು ಶುರುಮಾಡಿ, ಉಸಿರು ಎಲ್ಲಿ ನಿಂತಿತೋ ಆ ಅಕ್ಷರ ಅದೇ ಎನ್ನುತ್ತಿದ್ದರು.

ಹಾಗಾದರೆ ಮುಟ್ಟಿ ಕಲಿಯುವವರು. ಮರಳು ಕಾಗದ ತಂದು, ಅಂಗೈಯಗಲದ ಅಕ್ಷರಗಳನ್ನು ಕತ್ತರಿಸಿ, ಕಣ್ಣು ಮುಚ್ಚಿ ಬೆರಳಾಡಿಸಿ ಎಂದೆ. ಆಡಿಸಿದರು. ಮರುದಿನ ನೋಡಿದರೆ ತಳ ಹಿಡಿದ ಹಾಲಿನ ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತಿದೆ, ನನ್ನ ಅ ಮತ್ತು ಆ ಎರಡೂ ಸವೆದು ಸೊನ್ನೆಯಾಗಿವೆ. ಇ ಇನ್ನೂ ಹೊಸದಾಗಿದೆ, ಬಾಣಲೆಗೆ ಇಟ್ಟಿದ್ದೇನೆ ಎಂದರು.

ಇಪ್ಪತ್ತು ದಿನ ಕಳೆದಿತ್ತು. ಪ್ರತಿ ಸಲ ವಿಧಾನ ಬದಲಾದಾಗಲೂ ನಾನು ಅ ಇಂದ ಶುರು ಮಾಡಿದ್ದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. ಆದರೆ ವರದಿ ಮಾತ್ರ ಸೊಗಸಾಗಿ ಬೆಳೆಯುತ್ತಿತ್ತು. ಪ್ರತಿ ಸಂಜೆ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ, ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ. ಅತ್ತೆಯವರು ಎದುರು ಕುಳಿತು ನನ್ನ ಪೆನ್ನನ್ನೇ ನೋಡುವರು.

"ನನ್ನ ಮೇಲೇನಾ ಇಷ್ಟೊಂದು?" ಎಂದು ಒಂದು ಸಂಜೆ ಕೇಳಿದರು.

"ನಿಮ್ಮ ಪ್ರಗತಿ ಅತ್ತೆ."

"ಎರಡು ಪುಟ ಆಯ್ತಲ್ಲ. ಪ್ರಗತಿ ಅಷ್ಟಿಲ್ವೇ."

ಅದು ಶಾಸ್ತ್ರದ ವಿಷಯ, ನಿಮಗೆ ತಿಳಿಯುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವರು ತಲೆಯಾಡಿಸಿದರು. ಆ ತಲೆಯಾಡಿಕೆಯನ್ನು ನಾನು ಒಪ್ಪಿಗೆಯೆಂದು ಬರೆದುಕೊಂಡೆ.

ಅಲ್ಲಿಂದಾಚೆಗೆ ವಿದ್ಯಾರ್ಥಿನಿಯ ನಡತೆ ಕೆಟ್ಟಿತು. ನಾನು ಶಾಲೆಯಿಂದ ಬರುವಾಗ ಅವರು ಮನೆಯಲ್ಲಿರುತ್ತಿರಲಿಲ್ಲ. ಔಷಧಿ ಅಂಗಡಿಯವನು, ನಿಮ್ಮ ಅತ್ತೆ ಬಂದು ಅಂಗೈ ತೋರಿಸಿ ಒಂದು ಅಕ್ಷರ ಕೇಳಿ ಹೋದರು ಎಂದ. ಇಸ್ತ್ರಿ ಮಾಡುವವನೂ ಹಾಗೇ ಅಂದ, ಆದರೆ ಬೇರೆ ಅಕ್ಷರ. ಅತ್ತೆಯವರ ಅಂಗೈ ತುಂಬ ಶಾಯಿ. ನನಗೆ ಅಕ್ಷರ ತಾಯಿಯ ಗರ್ಭದಲ್ಲೇ ಬಂದಿತ್ತೇನೋ ಎಂಬಷ್ಟು ಗಂಭೀರವಾಗಿ ಬರೆದೆ: ಗಮನ ಚಂಚಲ. ಮನೆಯಲ್ಲಿ ನಿಲ್ಲುವುದಿಲ್ಲ. ಕೈ ತೊಳೆಯುವುದಿಲ್ಲ.

ಮೂವತ್ತೊಂಬತ್ತನೆಯ ಸಂಜೆ ಹೆಂಡತಿಯ ಮುಂದೆ ಸೋಲು ಒಪ್ಪಿಕೊಂಡೆ. ಅಂದರೆ ನನ್ನದಲ್ಲ, ಅತ್ತೆಯವರದು. ಯಾವ ವಿಧಾನಕ್ಕೂ ಒಗ್ಗದ ಬಗೆಯೊಂದಿದೆ, ಇದೊಂದು ಹೊಸ ಸಂಶೋಧನೆ ಎಂದೆ. ಹಾಗಾದರೆ ಅಮ್ಮನ ಬಸ್ಸಿನ ಗತಿ ಏನು ಎಂದು ಅವಳು ಕೇಳಿದಳು. ಅಲ್ಲಿಯವರೆಗೆ ಆ ಬಸ್ಸು ನನ್ನ ವರದಿಯ ಯಾವ ಪುಟದಲ್ಲೂ ನಿಂತಿರಲಿಲ್ಲ.

ಅಷ್ಟರಲ್ಲಿ ಅತ್ತೆಯವರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ನೋಟ್‌ಬುಕ್ಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಬೆರಳಿಟ್ಟು, ಹೊಸ್ತಿಲು ದಾಟುವ ಮಗುವಿನಂತೆ ಒಂದೊಂದೇ ಅಕ್ಷರ ದಾಟತೊಡಗಿದರು.

"ವಿ... ದ್ಯಾರ್... ಥಿನಿ. ಹ... ಠ... ಮಾರಿ."

ನನ್ನ ಹೆಂಡತಿ ನಿಂತಲ್ಲೇ ಕುರ್ಚಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತು. ನನ್ನದೂ ತುಂಬುವುದರಲ್ಲಿತ್ತು, ಅಷ್ಟರಲ್ಲಿ ಓದುತ್ತಿರುವುದು ಏನೆಂದು ನೆನಪಾಯಿತು. ಪುಟ ಮುಚ್ಚಲು ಕೈ ಚಾಚಿದೆ. ಅತ್ತೆಯವರು ನನ್ನ ಕೈಯನ್ನು, ಪುಸ್ತಕದ ಮೇಲೆ ಕೂತ ನೊಣವನ್ನು ಸರಿಸುವ ಹಾಗೆ ಸರಿಸಿ ಮುಂದುವರಿದರು.

"ತ... ನಗೆ ತಿಳಿದಿದ್ದೇ ಸರಿ... ಎಂಬ ಸ್ವ... ಭಾವ. ಈ ಗುಣ ಮಗಳಿಗೂ ಇಳಿದಿದೆ."

ಕೊನೆಯ ವಾಕ್ಯ ತಡೆಯಿಲ್ಲದೆ ಬಂತು. ಅದನ್ನು ಅವರು ಮೊದಲೇ ಅಭ್ಯಾಸ ಮಾಡಿದ್ದರೆಂದು ಕಾಣುತ್ತದೆ.

"ಅದೊಂದು ಸಾಲು ಇನ್ನೊಂದ್ಸಲ ಓದಮ್ಮ" ಎಂದಳು ನನ್ನ ಹೆಂಡತಿ. ಅವಳ ಕಣ್ಣು ಒಣಗಿತ್ತು.

ಅತ್ತೆಯವರು ಓದಿದರು. ಈ ಸಲ ಇನ್ನೂ ಸಲೀಸಾಗಿ.

ಹೇಗೆ ಕಲಿತಿರಿ ಎಂದು ತೊದಲಿದೆ. ನಾವು ಕೆಲಸಕ್ಕೆ ಹೋದ ಮೇಲೆ ನೋಟ್‌ಬುಕ್ಕಿನಿಂದ ಒಂದು ಅಕ್ಷರವನ್ನು ಅಂಗೈಗೆ ಇಳಿಸಿಕೊಂಡು ಬೀದಿಗೆ ಹೋಗುವುದು, ಯಾರನ್ನಾದರೂ ಕೇಳುವುದು, ಬರುವುದು. ಮತ್ತೊಂದು ಅಕ್ಷರಕ್ಕೆ ಮತ್ತೊಬ್ಬರು. ದಿನಕ್ಕೆ ಮೂರು ನಾಲ್ಕು. ಮೇಲಿನ ಮನೆಯ ದರ್ಜಿ ಒಬ್ಬನನ್ನೇ ಕೇಳಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತಲ್ಲ ಎಂದೆ, ಮೇಷ್ಟ್ರ ಬುದ್ಧಿ ಬಿಡದೆ.

"ಒಬ್ಬರಿಗೇ ಎಲ್ಲ ತೋರಿಸಿದ್ರೆ ಅವರು ಕೂಡಿಸಿ ಓದಲ್ವಾ? ಅಳಿಯಂದ್ರು ಹೀಗೆ ಬರೀತಾರೆ ಅಂತ ಊರಿಗೆಲ್ಲ ತಿಳಿದ್ರೆ ನಿಮ್ಮ ಮರ್ಯಾದೆ ಏನಾಗಬೇಕು" ಎಂದರು.

ಹದಿನೆಂಟು ದಿನ, ಐವತ್ತು ಚಿಲ್ಲರೆ ಅಕ್ಷರ, ಅಷ್ಟೂ ಬಾಗಿಲು. ಬೈಗುಳ ಅವರ ಮೇಲೆ, ಮುಚ್ಚಿಟ್ಟ ಮಾನ ನನ್ನದು. ಆ ರಾತ್ರಿಯ ಊಟದಲ್ಲಿ ಯಾವುದಕ್ಕೂ ಉಪ್ಪಿರಲಿಲ್ಲ. ಅದು ಮಗಳಿಗೆ ಇಳಿದ ಗುಣದ ಬಾಬತ್ತು, ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಅತ್ತೆಯವರು ಅಕ್ಕನಿಗೆಂದು ಹಣ್ಣಿನ ಚೀಲ ಹಿಡಿದು ಹೊರಟರು. ಅಂದು ಬುಧವಾರ. ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಬಸ್ಸು ಹತ್ತಿಸಲು ಎಂದು ಹೇಳಿದ್ದೆ. ನಿಜವೆಂದರೆ ವರದಿಯ ಕೊನೆಯ ಪುಟದಲ್ಲಿ 'ಯಶಸ್ವಿಯಾದ ವಿಧಾನ' ಎಂಬ ಒಂದು ಕಲಂ ಖಾಲಿಯಿತ್ತು, ಸಂಜೆ ಒಪ್ಪಿಸಬೇಕಿತ್ತು. ತರಬೇತುದಾರನಾಗುವ ಆಸೆ ಹಟ ಹಿಡಿದ ಮಗುವಿನಂತೆ ಇನ್ನೂ ನನ್ನ ಬೆರಳು ಹಿಡಿದಿತ್ತು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಪೆನ್ನು ತೆಗೆದೆ. ಅಂಗೈಯಲ್ಲಿ ಬರೆದುಕೊಂಡಿರಿ, ಅಂದಮೇಲೆ ಮುಟ್ಟಿ ಕಲಿತಂತೆ ತಾನೆ ಎಂದೆ. ಅಲ್ಲ ಎಂದರು. ಜನ ಹೇಳಿದ್ದನ್ನು ಕೇಳಿಸಿಕೊಂಡಿರಿ, ಹಾಗಾದರೆ ಕೇಳಿ. ಅದೂ ಅಲ್ಲ. ನೋಡಿ? ಅವರು ರಸ್ತೆಯನ್ನೇ ನೋಡುತ್ತಿದ್ದರು.

"ಸಿಟ್ಟು ಬಂದಿತ್ತು ಅಳಿಯಂದ್ರೆ. ನನ್ನ ಬಗ್ಗೆ ನನ್ನೆದುರಿಗೇ ಕೂತು ಬರೀತೀರಿ, ಏನು ಅಂತ ಹೇಳಲ್ಲ. ಸಿಟ್ಟಿಂದ ಕಲಿತೆ. ಅದನ್ನೇ ಬರ್ಕೊಳಿ."

ಸಿಟ್ಟು ಪಟ್ಟಿಯಲ್ಲಿಲ್ಲ ಎಂದು ವಿವರಿಸುತ್ತಿರುವಾಗ ಹನ್ನೆರಡನೇ ನಂಬರು ಬಂತು. ನಾನು ಜವಾಬ್ದಾರಿಯುತ ಅಳಿಯನಂತೆ ಎದ್ದು, ಅತ್ತೆಯವರ ಚೀಲ ಹಿಡಿದು, ಬನ್ನಿ ಬನ್ನಿ ಎಂದು ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದೆಳೆದರು.

"ಇಳೀರಿ. ಇದು ಜೈಲಿಗೆ."

ಇಳಿದೆ. ಬೋರ್ಡು ನೋಡಿದೆ. ಜೈಲಿಗೇ. ನಿರ್ವಾಹಕ ನನ್ನನ್ನು ಮರುಕದಿಂದ ನೋಡಿ ಸೀಟಿ ಊದಿದ.

ಮತ್ತೆ ಬೆಂಚು. ಸೋಲೊಪ್ಪುವುದು ನಮ್ಮ ವೃತ್ತಿಗೆ ಸಲ್ಲದು. ಹಾಗಾಗಿ ಹೊಸದಾಗಿ ಶುರು ಮಾಡಿದೆ. ಸಿಟ್ಟು ಎಂಬುದು ವಿಧಾನವಲ್ಲ ಅತ್ತೆ, ಅದು ಪ್ರೇರಣೆ. ಪ್ರೇರಣೆಯನ್ನು ಬೇರೆ ಕಲಂನಲ್ಲಿ ಬರೆಯಬೇಕು. ಈಗ ನೀವು ಶಾಂತವಾಗಿ ಯೋಚಿಸಿ, ಮೊಟ್ಟಮೊದಲನೆಯ ಅಕ್ಷರ ನಿಮ್ಮ ಮನಸ್ಸಿನಲ್ಲಿ ನಿಂತಾಗ ಅದು ಚಿತ್ರದಂತೆ ಕಂಡಿತೋ, ಅಥವಾ ಒಂದು ಧ್ವನಿಯ ಹಾಗೆ...

ನಾನು 'ಧ್ವನಿಯ ಹಾಗೆ' ಎಂಬಲ್ಲಿದ್ದೆ. ಅತ್ತೆಯವರು ಆಗಲೇ ಚೀಲ ಹಿಡಿದು ಹಳೇ ಸೇತುವೆಯ ಬಸ್ಸಿನ ಎರಡನೇ ಮೆಟ್ಟಿಲ ಮೇಲಿದ್ದರು.