ಆಚಾರ್ಯರ ಪಟ್ಟಿ ಅಳಿಸಿದ್ದು

ಮಂದಿಗೆ ಹೇಳುವ ಎಚ್ಚರಿಕೆ ತನಗೂ ಅನ್ವಯಿಸುತ್ತದೆಂದು ಪಾಠ ಹೇಳುವವನಿಗೆ ಹೊಳೆಯುವುದೇ ಇಲ್ಲ. ಹಾಲಿಟ್ಟು ಪೇಪರ್ ಓದಬಾರದೆಂದು ಹೆಂಡತಿಗೆ ಉಪದೇಶಿಸುತ್ತಲೇ ಹಾಲು ಉಕ್ಕಿಸಿದವನು ನಾನು.

ಎರಡು ಸಾವಿರನೇ ಇಸವಿಯ ಆಚೀಚೆ ಶಹಾಬಾದಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಆಪರೇಟಿಂಗ್ ಸಿಸ್ಟಮ್ ಒಂದನ್ನು ನಾವೇ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸಿ, ವಿದ್ಯಾರ್ಥಿಗಳಿಗೆ ತೋರಿಸಬೇಕೆಂಬ ಹುಕಿ ಬಂತು. ಅದಕ್ಕೆ ಎರಡು ಫೋಲ್ಡರ್‌ಗಳ ವಿಳಾಸ ಕೊಡಬೇಕು: ಮೂಲ ಪ್ರೋಗ್ರಾಮ್ ಇರುವ ಸೋರ್ಸ್ ಫೋಲ್ಡರ್ ಒಂದು, ಕಂಪೈಲ್ ಆದದ್ದು ಬಂದು ಬೀಳುವ ಬಿಲ್ಡ್ ಫೋಲ್ಡರ್ ಇನ್ನೊಂದು. ಬಿಲ್ಡ್ ಫೋಲ್ಡರ್ ಖಾಲಿ ಇರಲಿ, ಕೆಲಸ ಕೆಟ್ಟರೆ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವನೂ ನಾನೇ. ಆದರೆ ನನ್ನ ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ವಿಭಾಗದವರೆಲ್ಲ ಬಳಸುವ ಇನ್ನೊಂದು ಡಿಸ್ಕಿನಲ್ಲಿ ‘ವರ್ಕ್’ ಎಂಬ ಫೋಲ್ಡರ್ ಕಂಡಿತು. ಒಳಗೆ ಇಣುಕದೆ ಅದರ ವಿಳಾಸವನ್ನೇ ಕೊಟ್ಟುಬಿಟ್ಟೆ. ಅರ್ಧಕ್ಕೆ ಕರೆಂಟು ಹೋಯಿತು. ಬಂದಮೇಲೆ, ಬೋರ್ಡಿನ ಅಪ್ಪಣೆಯಂತೆ, ಫೋಲ್ಡರನ್ನು ಗುಡಿಸಿ ಹಾಕಿ ಮತ್ತೆ ಶುರು ಮಾಡಿದೆ. ಚಹಾದ ಹೊತ್ತಿಗೆ ಸಿಸ್ಟಮ್ ಎದ್ದು ನಿಂತಿತು. ನಾನೂ ಒಂದು ಗೇಣು ಎತ್ತರವಾದೆ.

ಅಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ಆಚಾರ್ಯರು ಬಂದು, ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿ ತೆಗೆದುಕೊಡಿ, ‘ವರ್ಕ್’ ಫೋಲ್ಡರಿನಲ್ಲಿದೆ ಎಂದರು. ಒಂದೇ ಬೆರಳಿನಿಂದ ತಿಂಗಳುಗಟ್ಟಲೆ ಟೈಪ್ ಮಾಡಿದ ಪಟ್ಟಿ. ಮರುವಾರವೇ ಕಾರ್ಡು ಅಂಚೆಗೆ ಬೀಳಬೇಕಿತ್ತು.

“ಸರ್, ಅದನ್ನ ನಾ ಅಳಿಸಿಬಿಟ್ಟೀನ್ರಿ.”

“ತಿರುಗಿ ಬರ್ತದಲ್ರೀ?”

“ಬರೂದಿಲ್ರಿ.”

ಅವರು ಬಯ್ದಿದ್ದರೆ ಹಗುರಾಗುತ್ತಿತ್ತು. ಭಾನುವಾರ ಚಿತ್ತಾಪುರದ ತಮ್ಮ ಮನೆಗೆ ಪೆನ್ನು ಹಿಡಿದು ಬರಬೇಕೆಂದಷ್ಟೇ ಹೇಳಿ ಹೋದರು.

ಹೋದೆ. ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ಅವಲಕ್ಕಿ ಚೂಡಾ ಕೊಟ್ಟು ಎದುರಿಗೆ ಕುಳಿತರು. ವಾಡಿಯ ರೈಲ್ವೆ ಕ್ವಾರ್ಟರ್ಸಿನವರು, ಸೇಡಂನ ಮಾಸ್ತರರು, ಮಳಖೇಡದ ಸೋದರತ್ತೆಯ ಮನೆ, ಚಿಂಚೋಳಿಯ ಬೀಗರ ಬೀಗರು ಎಂದು ಗಂಡ ಹೆಂಡತಿ ಊರೂರು ಹೇಳಿದರು, ನಾನು ಬರೆದೆ. ದಂಡೋತಿಯ ಹೆಸರು ಬಂದಾಗ ಆಚಾರ್ಯರು ಅದನ್ನು ಬಿಟ್ಟು ಮುಂದಿನ ಊರಿಗೆ ಹೊರಟರು. ಅಲ್ಲಿದ್ದವರು ಆಚಾರ್ಯರ ಚಿಕ್ಕಪ್ಪನ ಮಗ. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಳಿಸಿಹೋದ ಪಟ್ಟಿಯಲ್ಲಿ ಅವರಿರಲಿಲ್ಲವಂತೆ. ವೈನಿ ಮೆಲ್ಲಗೆ ಹೇಳಿದರು, “ಹೆಂಗೂ ಹೊಸಾದು ಬರಿಲಿಕತ್ತೀರಿ. ಅವರನ್ನೂ ಬರೀರಿ.” ಆಚಾರ್ಯರು ಕಿಟಕಿಯಾಚೆ ನೋಡುತ್ತ ಬೇಡವೆನ್ನಲಿಲ್ಲ. ಬರೆದೆ.

ದಂಡೋತಿಯವರು ಮದುವೆಗೆ ಎರಡು ದಿನ ಮೊದಲೇ ಬಂದು ಅಡುಗೆಯ ಉಸ್ತುವಾರಿಯನ್ನೇ ಹೊತ್ತರಂತೆ. ನನಗೆ ಮಾತ್ರ ಕಾರ್ಡು ಬರಲೇ ಇಲ್ಲ. ಸಿಟ್ಟು ಇಳಿದಿಲ್ಲವೆಂದು ಅಂಜುತ್ತಲೇ ಹೋಗಿ ಪಂಕ್ತಿಯ ಕೊನೆಯಲ್ಲಿ ಕುಳಿತೆ. ತುಪ್ಪ ಬಡಿಸುತ್ತ ಬಂದ ಆಚಾರ್ಯರು ತಡವಾಯಿತೇಕೆಂದು ಕೇಳಿದರು. ಕಾರ್ಡು ಬರಲಿಲ್ಲವೆಂದು ಸಣ್ಣ ದನಿಯಲ್ಲಿ ಹೇಳಿದೆ.

ಅವರು ತುಪ್ಪದ ಸೌಟು ಹಿಡಿದೇ ನಿಂತರು. “ಪಟ್ಟಿ ಬರ್ದವರು ನೀವೇ ಅಲ್ಲೇನ್ರೀ?”